ಕೂತ ಹೂವು, ನಿಂತ ಹೂವು

ಹೊನಗೊನ್ನೆ ಸೊಪ್ಪು ಯಾರಿಗೆ ಗೊತ್ತಿಲ್ಲ? ಗದ್ದೆಯ ಬದು, ಕಾಲುವೆಯ ಮಗ್ಗುಲು, ಕೆರೆಯ ಅಂಗಳ, ಎಲ್ಲಿ ನೆಲದ ತೇವ ಆರುವುದಿಲ್ಲವೋ ಅಲ್ಲೆಲ್ಲ ಹಬ್ಬುವ ಸೊಪ್ಪು. ಕಣ್ಣಿಗೆ ಒಳ್ಳೆಯದೆಂದು ಹೇಳಿ ಹೇಳಿ ನಮಗೆ ಬಸ್ಸಾರಿನಲ್ಲಿ ಬಡಿಸಿದ್ದು. ಕೆಲವು ವರ್ಷದ ಹಿಂದೆ ನಮ್ಮ ಮನೆಯ ಹಿಂದಿನ ಚಿಕ್ಕ ಜಾಗದಲ್ಲಿ ಒಂದು ಸಿಮೆಂಟು ತೊಟ್ಟಿ ಇಟ್ಟು ನೀರಿನ ಗಿಡ ಬೆಳೆಸುವ ಹುಚ್ಚು ನನಗೆ ಹತ್ತಿತು. ಬೆಳಗಿನ ವಾಕಿಂಗಿಗೆ ಹೋದ ಕೆರೆಯಂಚಿನಲ್ಲಿ ಹೊನಗೊನ್ನೆ ಸೊಂಪಾಗಿ ಬೆಳೆದಿತ್ತು. ನಾಲ್ಕು ಕಡ್ಡಿ ಕಿತ್ತು ತಂದು ತೊಟ್ಟಿಯಂಚಿಗೆ ಊರಿದೆ. ಒಂದೇ ಮಳೆಗಾಲ. ತೊಟ್ಟಿ ಕಾಣಲಿಲ್ಲ, ನೀರು ಕಾಣಲಿಲ್ಲ. ಗಿಡ ತೊಟ್ಟಿಯಿಂದ ಇಳಿದು, ಕಲ್ಲುಹಾಸಿನ ಸಂದಿ ಹಿಡಿದು, ಮೋರಿಯ ಕಡೆಗೆ ಹೊರಟಿತ್ತು. ನನಗೋ ಹೆಮ್ಮೆ. ನೆಟ್ಟದ್ದೆಲ್ಲ ಬದುಕುವ ಕೈ ನನ್ನದು ಎಂದು.

ಊರಿನಿಂದ ಬಂದ ದೊಡ್ಡಮ್ಮ ಬಗ್ಗಿ ನೋಡಿದರು. ಒಂದು ಕಡ್ಡಿ ಮುರಿದರು. ಒಳಗೆ ಟೊಳ್ಳು. "ಇದು ಹೊನಗೊನ್ನೆ ಅಲ್ಲ ಕಣೋ. ಹೊನಗೊನ್ನೆ ಹೂ ಎಲೆಯ ಕಂಕುಳಲ್ಲಿ ಕೂತಿರತ್ತೆ. ಇದರದ್ದು ನಿಂತಿದೆ ನೋಡು" ಅಂದರು.

ನಿಂತೇ ಇತ್ತು. ಬಿಳಿಯ ಹೂಗುಂಡು ಒಂದೆರಡು ಅಂಗುಲದ ತೊಟ್ಟಿನ ಮೇಲೆ ತಲೆಯೆತ್ತಿ ನಿಂತಿತ್ತು. ಅದು ಅಲಿಗೇಟರ್ ಕಳೆ. ದಕ್ಷಿಣ ಅಮೆರಿಕದಿಂದ ಬಂದದ್ದು. ಹೊನಗೊನ್ನೆಯ ಹತ್ತಿರದ ನೆಂಟ, ಸ್ವಭಾವ ಮಾತ್ರ ಬೇರೆ. ಇದಕ್ಕೆ ಬೀಜವೂ ಬೇಡ, ಕಡ್ಡಿಯ ಒಂದು ಗೆಣ್ಣು ಸಿಕ್ಕಿದರೆ ಸಾಕು, ಅದರಿಂದಲೇ ಒಂದು ಕೆರೆ ತುಂಬುತ್ತದೆ. ಸಸ್ಯಶಾಸ್ತ್ರಜ್ಞರು ಹೊನಗೊನ್ನೆಗೆ ಇಟ್ಟ ಲ್ಯಾಟಿನ್ ಹೆಸರಿನ ಎರಡನೆಯ ಪದ 'ಸೆಸಿಲಿಸ್'. ಅರ್ಥ, ಕೂತದ್ದು. ಶಾಲೆಗೆ ಹೋಗದ ದೊಡ್ಡಮ್ಮ ಹಿಡಿದ ಗುರುತನ್ನೇ ಪಂಡಿತರೂ ಹಿಡಿದಿದ್ದರು. ಓದಿದ ನಾನು ಮಾತ್ರ ಎಡವಿದ್ದೆ.

ಇವತ್ತಿನ ಮಾತು ಈ ಗುರುತಿನದ್ದೇ. ನೀರಂಚಿನ ನಮ್ಮ ಗಿಡಗಳು ಯಾವುವು, ಅವನ್ನು ಮನೆಯಂಗಳಕ್ಕೆ ತರುವುದು ಹೇಗೆ, ಕೆರೆಗೆ ಮರಳಿಸುವುದು ಹೇಗೆ ಎಂಬುದು.

ಮೊದಲು 'ನಮ್ಮ ಗಿಡ' ಎಂಬ ಮಾತು. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಹೈಡ್ರಿಲ್ಲಾ ನೆನಪಿರಬೇಕು. ಬೀಕರಿನಲ್ಲಿ ಮುಳುಗಿಸಿ, ಮೇಲೆ ಆಲಿಕೆ ಕವುಚಿ, ಬಿಸಿಲಿಗಿಟ್ಟು ಗುಳ್ಳೆ ಎಣಿಸಿದ್ದೆವಲ್ಲ, ಅದೇ ಹಸಿರು ಎಳೆ. ನಮ್ಮ ಕೆರೆಗಳಲ್ಲಿ ಅದು ಮೀನಿನ ಮರಿಗೆ ಮರೆ, ಬಾತುಗಳಿಗೆ ಆಹಾರ. ಅದೇ ಹೈಡ್ರಿಲ್ಲಾ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ದಾರಿಯಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ಹೋಗಿ, ಅಲ್ಲಿನ ಸರೋವರ ಕಾಲುವೆಗಳನ್ನು ಕಟ್ಟಿಹಾಕಿತು. ಅವರಿಗೆ ಅದು ನಮಗೆ ಅಂತರಗಂಗೆ ಇದ್ದ ಹಾಗೆ. ಅಂತರಗಂಗೆ ಎಂದು ಈಗ ಜನ ಕರೆಯುವ, ನೇರಳೆ ಹೂವಿನ ಆ ತೇಲುವ ಕಳೆ ಅಮೆಜಾನ್ ಸೀಮೆಯದು. ಅಂದರೆ ಗಿಡದಲ್ಲಿ ದೋಷವಿಲ್ಲ. ಅದು ನಿಂತ ಊರಿನಲ್ಲಿ ಅದನ್ನು ತಿನ್ನುವ ಹುಳು, ಕಾಡುವ ರೋಗ ಇವೆಯೋ ಇಲ್ಲವೋ ಎಂಬುದರ ಮೇಲೆ ಎಲ್ಲ ನಿಂತಿದೆ. 1980ರ ದಶಕದಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳವನ್ನು ಸಾಲ್ವೀನಿಯಾ ಎಂಬ ಪರದೇಶಿ ನೀರುಜರಿ ಮುಚ್ಚಿಬಿಟ್ಟಿತ್ತು. ವಿಜ್ಞಾನಿಗಳು ಅದನ್ನು ತಿನ್ನುವ ಪುಟ್ಟ ಸೊಂಡಿಲು ಹುಳುವನ್ನು ತರಿಸಿ ಬಿಟ್ಟರು. ವರ್ಷ ತುಂಬುವುದರೊಳಗೆ ಜರಿ ಕರಗಿತು. ಕೆಳಗೆ ಉಸಿರು ಹಿಡಿದಿದ್ದ ನೈದಿಲೆ ಮತ್ತೆ ಎಲೆ ಬಿಟ್ಟಿತು. ಯಾರೂ ಅದನ್ನು ಹೊಸದಾಗಿ ನೆಡಬೇಕಾಗಲಿಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ಹಳೆಯ ಮನೆಗಳ ಬಚ್ಚಲ ಹಿಂಭಾಗ ಹೇಗಿರುತ್ತಿತ್ತು, ಜ್ಞಾಪಿಸಿಕೊಳ್ಳಿ. ಸ್ನಾನದ ನೀರು ಒಂದು ಕಲ್ಲಿನ ದೋಣಿಯಿಂದ ಹೊರಬಿದ್ದು ಚಿಕ್ಕ ಕಾಲುವೆಯಲ್ಲಿ ಹರಿಯುತ್ತಿತ್ತು. ಮೊದಲು ಒಂದಿಷ್ಟು ಜಲ್ಲಿ, ಆಮೇಲೆ ಕೆಸುವಿನ ಹಿಂಡು, ಅದರಾಚೆ ಎರಡು ಬಾಳೆ, ತೇವ ತೆಳುವಾಗುವ ಕಡೆ ಒಂದೆಲಗ, ಬದಿಗೆ ಬಜೆ. ಕೊಳಚೆ ನಿಲ್ಲುತ್ತಿರಲಿಲ್ಲ, ವಾಸನೆ ಬರುತ್ತಿರಲಿಲ್ಲ. ಕೆಸುವಿನಿಂದ ಕರಾವಳಿಯವರಿಗೆ ಆಟಿ ತಿಂಗಳ ಪತ್ರೊಡೆ, ಒಂದೆಲಗದಿಂದ ತಂಬುಳಿ, ಬಜೆಯಿಂದ ಎಳೆಗೂಸಿನ ನಾಲಗೆಗೆ ಒಂದು ಗೆರೆ. ಜರ್ಮನಿಯಲ್ಲಿ ಕೇಥೆ ಸೈಡೆಲ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಜೊಂಡಿನಂಥ ಗಿಡಗಳಿಂದ ಕೊಳೆನೀರು ತಿಳಿಯಾಗುವುದನ್ನು ಪ್ರಯೋಗ ಮಾಡಿ ತೋರಿಸಿದರು. ಇಂದು ಜಗತ್ತಿನಾದ್ಯಂತ ಕಟ್ಟುತ್ತಿರುವ ಕೃತಕ ಜೌಗುಗಳ ಶಾಸ್ತ್ರಕ್ಕೆ ಅದು ಬುನಾದಿ. ಬಚ್ಚಲ ಹಿಂದೆ ಕೆಸು ನೆಟ್ಟವರಿಗೆ ಆ ಶಾಸ್ತ್ರ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಕೆಲಸ ನಡೆಯುವುದು ಹೇಗೆ? ನೀರು ನಿಂತ ಕೆಸರಿನಲ್ಲಿ ಗಾಳಿ ಇರುವುದಿಲ್ಲ. ಮಲ್ಲಿಗೆ ಗಿಡವನ್ನೋ ತೊಗರಿಯನ್ನೋ ಅಲ್ಲಿ ನೆಟ್ಟರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ನೀರಂಚಿನ ಗಿಡಗಳು ಎಲೆಯಿಂದ ಬೇರಿನ ತುದಿಯವರೆಗೆ ಗಾಳಿಯ ಕೊಳವೆ ಹೂಡಿಕೊಂಡಿವೆ. ತಾವರೆಯ ದಂಟನ್ನು ಅಡ್ಡ ಕತ್ತರಿಸಿ ನೋಡಿ, ತೂತುಗಳ ಸಾಲು ಕಾಣುತ್ತದೆ. ಹೀಗೆ ಇಳಿದ ಗಾಳಿ ಬೇರಿನ ಸುತ್ತ ಕೂದಲೆಳೆಯಷ್ಟು ದಪ್ಪದ ಒಂದು ಪದರದಲ್ಲಿ ಸೋರುತ್ತದೆ. ಗಾಳಿಯನ್ನು ಬೇಡುವ ಬ್ಯಾಕ್ಟೀರಿಯಾ ಅಲ್ಲಿ, ಬೇಡದವು ಅದರಾಚೆ. ಎರಡೂ ಸೇರಿ ಕೊಳೆಯನ್ನು ಒಡೆಯುತ್ತವೆ. ಸಾರಜನಕದ ಒಂದು ಪಾಲು ಗಾಳಿಗೆ ಮರಳುತ್ತದೆ, ಒಂದು ಪಾಲನ್ನು ಗಿಡ ಉಣ್ಣುತ್ತದೆ. ಹಾಗಾಗಿ ನೀರು ತಿಳಿಯಾಗುವುದು ಬೇರಿನ ನೆರೆಹೊರೆಯಲ್ಲಿ. ಎಲೆ ನಮಗೆ ಕಾಣುವ ಅಂದ ಮಾತ್ರ.

ಇಷ್ಟು ತಿಳಿದ ಮೇಲೆ ಕೆರೆಗೆ ಬರೋಣ. ಕೆರೆಯ ಮಾತು ಬಂದಾಗ ನಾವು ನೀರಿನ ಆಳ ಕೇಳುತ್ತೇವೆ, ಏರಿಯ ಉದ್ದ ಕೇಳುತ್ತೇವೆ, ತೂಬು ಕೋಡಿ ಸರಿಯಿದೆಯೇ ಎಂದು ಕೇಳುತ್ತೇವೆ. ಅಂಚನ್ನು ಕೇಳುವವರಿಲ್ಲ. ಏರಿಗೆ ಎದುರಿನ ದಡದಲ್ಲಿ ನೀರು ಮಳೆಗಾಲಕ್ಕೆ ಏರಿ ಬೇಸಗೆಗೆ ಇಳಿಯುವ ಆ ಇಳಿಜಾರು ಇದೆಯಲ್ಲ, ಕೆರೆಯ ಸಂಸಾರ ನಡೆಯುವುದೇ ಅಲ್ಲಿ. ಅದನ್ನು ನೀವು ನಡೆದೇ ಅಳೆಯಬಹುದು. ಪಾದ ಒದ್ದೆಯಾಗುವ ಕಡೆ ಒಂದೆಲಗ, ಹೊನಗೊನ್ನೆ, ಗರುಗ. ಹರಡು ಮುಳುಗುವಲ್ಲಿ ನೀರುಬ್ರಾಹ್ಮಿ, ಜೇಕು. ಮೊಣಕಾಲಿನ ಆಳಕ್ಕೆ ಆಪು, ಅದನ್ನೇ ಕೆಲವು ಕಡೆ ಜೊಂಡು ಅನ್ನುತ್ತಾರೆ. ಸೊಂಟದ ಆಳಕ್ಕೆ ನೈದಿಲೆ, ತಾವರೆ. ಅದರಾಚೆ ನೀರೊಳಗಿನ ಹೈಡ್ರಿಲ್ಲಾದಂಥವು. ಹಿಂದಕ್ಕೆ, ಒಣದಡಕ್ಕೆ ತಿರುಗಿದರೆ ಲಾವಂಚ, ಲಕ್ಕಿ, ಹೊಂಗೆ. ಹೊಳೆಯ ದಂಡೆಯಾದರೆ ನೀರಂಜಿ, ಹೊಳೆಮತ್ತಿ, ಹೊಳೆದಾಸವಾಳ. ರಂಗನತಿಟ್ಟಿಗೆ ಹೋದವರು ಕೊಕ್ಕರೆ ನೋಡಿ ಬರುತ್ತಾರೆ. ಆ ಕೊಕ್ಕರೆ ಕೂತ ಹೊಳೆಮತ್ತಿಯನ್ನೂ, ದಂಡೆಗೆ ಒತ್ತಿ ಬೆಳೆದ ಕೇದಗೆಯನ್ನೂ ಮುಂದಿನ ಸಲ ನೋಡಿ.

ಈ ಒಂದೊಂದು ಪಟ್ಟಿಯನ್ನು ನಂಬಿದ ಜೀವಗಳು ಬೇರೆಬೇರೆ. ಆಪಿನ ಗುಂಪಿನಲ್ಲಿ ಜಂಬುಕೋಳಿ ಗೂಡು ಕಟ್ಟುತ್ತದೆ. ನೈದಿಲೆಯ ಎಲೆಗಳ ಮೇಲೆ ದೇವನಕ್ಕಿ ಉದ್ದುದ್ದ ಬೆರಳು ಚಾಚಿ ಮುಳುಗದೆ ನಡೆಯುತ್ತದೆ, ಅಲ್ಲೇ ಮೊಟ್ಟೆಯಿಡುತ್ತದೆ. ಕಾವು ಕೂರುವವನು ಗಂಡು. ಹೆಣ್ಣು ಮೊಟ್ಟೆ ಇಟ್ಟು ಇನ್ನೊಬ್ಬ ಗಂಡನ ಕಡೆಗೆ ಹೊರಡುತ್ತಾಳೆ. ತೇವದ ಅಂಚಿನ ಮುಳ್ಳುಗಿಡ ಕೊಳವಳಿಕೆಯನ್ನು ಕಳೆಯೆಂದು ಕಿತ್ತು ಬಿಸಾಡುತ್ತೇವೆ. ರೆಕ್ಕೆಯಲ್ಲಿ ನವಿಲುಗಣ್ಣು ಹೊತ್ತ ಕಿತ್ತಳೆ ಚಿಟ್ಟೆಯೊಂದರ ಹುಳು ತಿನ್ನುವುದು ಅದನ್ನು. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನಲ್ಲಿ ತಿಂಗಳುಗಟ್ಟಲೆ ಬೇಟೆಯಾಡಿ ಬೆಳೆದು, ಕೊನೆಗೆ ಒಂದು ರಾತ್ರಿ ದಂಟು ಹಿಡಿದು ಮೇಲೇರಿ, ಬೆನ್ನು ಬಿರಿದು ಹಾರುತ್ತದೆ. ದಂಟಿಲ್ಲದ ಕೆರೆಯಲ್ಲಿ ಅದು ಏರುವುದು ಯಾವುದನ್ನು?

ಈಗ ನಮ್ಮ ಊರುಗಳಲ್ಲಿ ನಡೆಯುತ್ತಿರುವ ಕೆರೆ ಅಭಿವೃದ್ಧಿ ನೋಡಿ. ಹೂಳೆತ್ತುವ ಯಂತ್ರ ಇಳಿಯುತ್ತದೆ. ಅಂಗಳವನ್ನು ಅಂಚಿನಿಂದ ಅಂಚಿಗೆ ಕೆರೆದು ಬಾಣಲೆಯಂತೆ ಮಾಡುತ್ತಾರೆ. ದಡವನ್ನು ಕಡಿದಾಗಿಸಿ ಕಲ್ಲು ಹೊದಿಸುತ್ತಾರೆ. ಮೇಲೆ ನಡೆಯುವ ದಾರಿ, ಬೆಂಚು, ಬಣ್ಣದ ಎಲೆಯ ಅಲಂಕಾರದ ಗಿಡ. ನೀರು ತುಂಬುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ನನ್ನ ಪ್ರಕಾರ ಅದು ಕೆರೆಯಲ್ಲ, ದೊಡ್ಡ ನೀರಿನ ಟ್ಯಾಂಕು. ಒಂದೇ ಹೆಜ್ಜೆಗೆ ಆಳು ಮುಳುಗುವಷ್ಟು ಆಳವಿದ್ದರೆ ಪಾದ, ಹರಡು, ಮೊಣಕಾಲಿನ ಆ ಪಟ್ಟಿಗಳಿಗೆ ಜಾಗವೆಲ್ಲಿ? ಬಿದ್ದ ಮಗುವೂ ಹತ್ತಿ ಬರಲಾರದು, ಆಮೆಯೂ ಹತ್ತಲಾರದು.

ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ಕೆರೆಯ ಹೂಳು ಅಂದರೆ ಗೋಡು. ರೈತರು ಅದನ್ನು ಗಾಡಿಗಟ್ಟಲೆ ಹೊಲಕ್ಕೆ ಹೊಡೆಯುತ್ತಿದ್ದರು. ಆ ಗೋಡಿನ ಮೇಲಿನ ಒಂದು ಗೇಣಿನಲ್ಲಿ ಹತ್ತಾರು ವರ್ಷಗಳ ಬೀಜ ಮಲಗಿರುತ್ತವೆ: ಜೇಕು, ನೈದಿಲೆ, ಹೆಸರು ತಿಳಿಯದ ನೂರಾರು ಹುಲ್ಲು. ಹಿಂದಿನವರು ಬೇಸಗೆಯಲ್ಲಿ ಅಲ್ಲಲ್ಲಿ ಅಗೆದು ಒಯ್ಯುತ್ತಿದ್ದುದರಿಂದ ಬೀಜದ ಮಡಿಕೆ ಬರಿದಾಗುತ್ತಿರಲಿಲ್ಲ. ಯಂತ್ರ ಎಲ್ಲವನ್ನೂ ಒಂದೇ ಬೇಸಗೆಯಲ್ಲಿ ಲಾರಿ ಹತ್ತಿಸುತ್ತದೆ. ಉಪಾಯ ಸರಳ, ಖರ್ಚೂ ಇಲ್ಲ: ಮೇಲಿನ ಆ ಒಂದು ಗೇಣು ಗೋಡನ್ನು ಬೇರೆಯಾಗಿ ರಾಶಿ ಹಾಕಿಸಿ, ಕೆಲಸ ಮುಗಿದ ಮೇಲೆ ಎದುರು ದಡದ ಇಳಿಜಾರಿನ ಮೇಲೆ ಹರಡಬೇಕು. ಸಾಲ್ವೀನಿಯಾ ಹೋದ ಮೇಲೆ ನೈದಿಲೆ ತಾನಾಗಿ ಎದ್ದು ಬಂದದ್ದನ್ನು ನೆನಪಿಡಿ ಅಂದೆನಲ್ಲ. ಜಾಗ ಕೊಟ್ಟರೆ ಎಷ್ಟೋ ಗಿಡ ತಾವೇ ಬರುತ್ತವೆ. ಆದರೆ ಒಂದು ಎಚ್ಚರ: ಅಲಿಗೇಟರ್ ಕಳೆ ತುಂಬಿದ್ದ ಕೆರೆಯಾದರೆ ಅದೇ ಮಣ್ಣಿನಲ್ಲಿ ಅದರ ಗೆಣ್ಣುಗಳೂ ಇರುತ್ತವೆ. ಅಲ್ಲಿ ಈ ಉಪಾಯ ಬೇಡ.

ಅಂಚನ್ನು ಉಳಿಸಿಕೊಂಡ ಕೆರೆಗಳೂ ಇವೆ. ಬೆಂಗಳೂರಿನ ಜಕ್ಕೂರು ಕೆರೆಯ ತಲೆಯಲ್ಲಿ, ಮೊದಲಿಗೆ ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯಕ್ಕೆ ಕಟ್ಟಿದ ಶುದ್ಧೀಕರಣ ಘಟಕದಿಂದ ಹೊರಟ ನೀರು ನೇರ ಕೆರೆಗೆ ಬೀಳದೆ ಆಪು ಬೆಳೆದ ಜೌಗಿನ ಮೂಲಕ ನಿಧಾನವಾಗಿ ಹಾದು ಬರುವಂತೆ ಮಾಡಿದ್ದಾರೆ. ಬಚ್ಚಲ ಹಿಂದಿನ ಕೆಸುವಿನ ಹಿಂಡನ್ನೇ ದೊಡ್ಡದು ಮಾಡಿದ ಹಾಗೆ. ಹಾಗೆಂದು ಆಪನ್ನು ದೇವರು ಮಾಡಬೇಡಿ. ಅದು ನಮ್ಮದೇ ಗಿಡ, ನಿಜ. ಆದರೆ ಒಂದು ಕದಿರಿನಲ್ಲಿ ಲಕ್ಷಕ್ಕೂ ಮಿಕ್ಕ ಬೀಜ ಹತ್ತಿಯಂತೆ ಹಾರುತ್ತವೆ, ನೆಲದೊಳಗೆ ಗೆಡ್ಡೆಯೂ ಓಡುತ್ತದೆ. ಕೊಳಚೆ ನೀರು ಎಗ್ಗಿಲ್ಲದೆ ಬರುವ ಆಳವಿಲ್ಲದ ಕೆರೆಯಲ್ಲಿ ಆಪು ಊಟ ಹೆಚ್ಚಾದ ಮಗನಂತೆ ಮನೆಯೆಲ್ಲ ತಾನೇ ಆಗುತ್ತದೆ. ಆಗ ನೈದಿಲೆಗೂ ಜಾಗವಿಲ್ಲ, ತೆರೆದ ನೀರು ಬೇಡುವ ಗುಳುಮುಳುಕ ಹಕ್ಕಿಗೂ ಇಲ್ಲ. ವರ್ಷಕ್ಕೊಮ್ಮೆ ಪಾಲು ಪಾಲಾಗಿ ಕೊಯ್ದು ಹೊರಸಾಗಿಸಬೇಕು. ಕೊಯ್ದು ಅಲ್ಲೇ ಬಿಟ್ಟರೆ ಉಂಡದ್ದನ್ನೆಲ್ಲ ಕೊಳೆತು ಮತ್ತೆ ನೀರಿಗೇ ಕಕ್ಕುತ್ತದೆ. ಹಿಂದೆ ಚಾಪೆಗೆ, ಗುಡಿಸಲಿನ ಹೊದಿಕೆಗೆಂದು ಜನ ಜೊಂಡನ್ನು ಕೊಯ್ಯುತ್ತಲೇ ಇದ್ದರು. ಕೆರೆಯ ಕೆಲಸ ಅದರ ಪಾಡಿಗೆ ಅದು ಆಗಿಹೋಗುತ್ತಿತ್ತು.

ಏರಿಯ ಒಳಮೈಗೆ ಕಲ್ಲು ಬೇಕು, ಅದನ್ನು ನಾನು ಬೇಡವೆನ್ನುವುದಿಲ್ಲ. ಉಳಿದ ಮಣ್ಣಿನ ದಡಕ್ಕೆ ಲಾವಂಚ ಸಾಕು. ಬೇರು ನೇರ ಕೆಳಕ್ಕೆ ಹತ್ತು ಅಡಿಯವರೆಗೂ ಇಳಿಯುತ್ತದೆ. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಬದುವಿಗೆ ಲಾವಂಚ ನೆಡುತ್ತ ಬಂದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣಿನ ಸವಕಳಿ ತಡೆಯಲು ಲಾವಂಚದ ಪ್ರಚಾರಕ್ಕಿಳಿದಾಗ ಇವರ ಬದುಗಳೇ ದೊಡ್ಡ ಸಾಕ್ಷಿಯಾದವು. ನಮ್ಮಲ್ಲೋ, ಲಾವಂಚವೆಂದರೆ ಬೇಸಗೆಯ ಕೂಲರಿನ ತಟ್ಟಿ, ಅಷ್ಟೇ.

ಇನ್ನು ಮನೆಯ ಮಾತು. ತಾವರೆಯಿಂದಲೇ ತೊಡಗೋಣ. ತಾವರೆಕೆರೆ, ತಾವರಗೇರಾ, ತ್ಯಾವರೆಕೊಪ್ಪ ಎಂದು ಊರಿಗೆ ಹೆಸರಿಟ್ಟ ನಾಡು ನಮ್ಮದು. ಆದರೆ ತಾವರೆಯನ್ನೂ ನೈದಿಲೆಯನ್ನೂ ಬೆರೆಸಿ ಮಾತಾಡುವವರೇ ಹೆಚ್ಚು. ನೈದಿಲೆಯ ಎಲೆಗೆ ಒಂದು ಸೀಳು ಇರುತ್ತದೆ, ಅದು ನೀರಿನ ಮೇಲೆ ಮಲಗುತ್ತದೆ. ತಾವರೆಯದು ಸೀಳಿಲ್ಲದ ದುಂಡು, ಕೊಡೆಯ ಕಡ್ಡಿಯಂತೆ ದಂಟು ನಡುವಿಗೆ ಹತ್ತಿ ನೀರಿನಿಂದ ಮೇಲೆ ನಿಲ್ಲುತ್ತದೆ. ಇಲ್ಲೂ ನೋಡಿ, ಕೂತದ್ದು ಮತ್ತು ನಿಂತದ್ದು! ನೋಡಲು ಅಕ್ಕತಂಗಿಯರಂತಿದ್ದರೂ ಇವೆರಡೂ ಬೇರೆ ವಂಶ. ತಾವರೆಯ ಹತ್ತಿರದ ಬಂಧುಗಳು ನೀರಿನಲ್ಲಿಲ್ಲ; ಕಾಶ್ಮೀರದ ಚಿನಾರ್ ಮರ ಅದರ ದಾಯಾದಿ ಎಂದು ವಂಶವಾಹಿಯ ಪರೀಕ್ಷೆ ಹೇಳುತ್ತದೆ.

ತಾವರೆಯ ವಿಚಿತ್ರಗಳನ್ನು ಹೇಳುತ್ತ ಹೋದರೆ ನನ್ನ ಸಮಯ ಮುಗಿದೀತು, ಆದರೂ ಎರಡನ್ನು ಹೇಳದೆ ಬಿಡಲಾರೆ. ಅರಳಿದ ತಾವರೆ ತನ್ನ ಮೈ ಬಿಸಿಯನ್ನು ತಾನೇ ಕಾಯ್ದುಕೊಳ್ಳುತ್ತದೆ. ಹೊರಗೆ ಹತ್ತು ಡಿಗ್ರಿ ಚಳಿಯಿದ್ದರೂ ಹೂವಿನೊಳಗೆ 30ರಿಂದ 36 ಡಿಗ್ರಿ. ಆಸ್ಟ್ರೇಲಿಯಾದ ಅಡಿಲೇಡ್ ಸಸ್ಯೋದ್ಯಾನದಲ್ಲಿ ಅಳೆದು, 1996ರಲ್ಲಿ ಪ್ರಕಟಿಸಿದ ಸಂಗತಿ ಇದು. ಪರಾಗ ಹೊರುವ ದುಂಬಿಗಳಿಗೆ ರಾತ್ರಿ ಬೆಚ್ಚಗಿನ ಕೋಣೆ ಕೊಡುವ ಉಪಚಾರ ಎಂದು ಅರ್ಥ ಮಾಡುತ್ತಾರೆ. ಎರಡನೆಯದು ಬೀಜ. ಚೀನಾದಲ್ಲಿ ಒಣಗಿಹೋದ ಒಂದು ಹಳೆಯ ಕೆರೆಯಂಗಳದಿಂದ ಅಗೆದ, ಸುಮಾರು 1300 ವರ್ಷ ವಯಸ್ಸಿನ ತಾವರೆ ಬೀಜ ಮೊಳೆತಿದೆ. ನಮ್ಮಲ್ಲಿ ಚಾಲುಕ್ಯರು ಆಳುತ್ತಿದ್ದ ಕಾಲದ ಬೀಜ!

ಅಷ್ಟು ಗಟ್ಟಿ ಸಿಪ್ಪೆಯಾದ್ದರಿಂದಲೇ ನೀವು ಬೀಜ ತಂದು ಸುಮ್ಮನೆ ನೀರಿಗೆ ಹಾಕಿದರೆ ಮೊಳೆಯುವುದಿಲ್ಲ. ಮೊನೆಯಿಲ್ಲದ, ಚಿಕ್ಕ ಗುಳಿಯಿರುವ ತುದಿಯನ್ನು ಒರಟು ಕಲ್ಲಿಗೆ ಉಜ್ಜಿ, ಒಳಗಿನ ಬೆಳ್ಳನೆಯ ತಿರುಳು ಇಣುಕುತ್ತಲೇ ನಿಲ್ಲಿಸಿ. ಲೋಟದ ನೀರಿಗೆ ಹಾಕಿ, ದಿನಾ ನೀರು ಬದಲಿಸಿ. ವಾರದೊಳಗೆ ಹಸಿರು ಮೊಳಕೆ ಕಾಣುತ್ತದೆ. ಎರಡಡಿ ಅಗಲದ, ತಳದಲ್ಲಿ ತೂತಿಲ್ಲದ ತೊಟ್ಟಿ ಸಾಕು. ಅಜ್ಜಿಯ ಕಾಲದ ಹಂಡೆ ಅಟ್ಟದ ಮೇಲಿದ್ದರೆ ಇನ್ನೂ ಚಂದ, ತಾಮ್ರದ್ದು ಮಾತ್ರ ಬೇಡ. ಅರ್ಧ ಅಡಿ ಜೇಡಿಮಣ್ಣು ಅಥವಾ ಗದ್ದೆಯ ಮಣ್ಣು ಹಾಕಿ. ನರ್ಸರಿಯ ತೆಂಗಿನ ನಾರಿನ ಮಿಶ್ರಣ ತೇಲಿಬಿಡುತ್ತದೆ. ಎರೆಗೊಬ್ಬರ, ಸಗಣಿ ಮೊದಲ ವರ್ಷ ಹಾಕಿದರೆ ನೀರು ಹಸಿರು ಗಂಜಿಯಾಗುತ್ತದೆ. ಮೇಲೆ ತೆಳ್ಳಗೆ ಮರಳು, ಆಮೇಲೆ ನೀರು. ಐದಾರು ಗಂಟೆ ಬಿಸಿಲು ಬೀಳಲೇಬೇಕು. ಅಷ್ಟು ಬಿಸಿಲಿಲ್ಲದ ಮನೆಯವರು ಹಠ ಮಾಡದೆ ನೀರುಬ್ರಾಹ್ಮಿ, ಬಜೆ, ಕೆಸುವಿಗೆ ಮನಸ್ಸು ಕೊಡಿ.

ನೀರುಬ್ರಾಹ್ಮಿ ಎಂದೆ. ಒಂದೆಲಗವನ್ನೂ ನಮ್ಮಲ್ಲಿ ಬ್ರಾಹ್ಮಿ ಎನ್ನುತ್ತಾರೆ, ಹಾಗಾಗಿ ಗೊಂದಲ. ಒಂದೆಲಗ ದುಂಡೆಲೆಯದು. ನೀರುಬ್ರಾಹ್ಮಿ ದಪ್ಪನೆಯ ಪುಟ್ಟ ಎಲೆ, ತಿಳಿನೇರಳೆ ಹೂವು. ಎರಡೂ ಆಳವಿಲ್ಲದ ತಟ್ಟೆಯಲ್ಲಿ ಬರುತ್ತವೆ. ಒಂದು ಮಾತು: ಇವನ್ನು ಊರೊಳಗಿನ ಕೆರೆಯಂಚಿನಿಂದ ಕಿತ್ತು ತಿನ್ನಬೇಡಿ. ನೀರನ್ನು ತೊಳೆಯುವ ಗಿಡ ತೊಳೆದ ವಿಷದ ಒಂದು ಪಾಲನ್ನು ತನ್ನ ಮೈಯಲ್ಲೇ ಇಟ್ಟುಕೊಂಡಿರುತ್ತದೆ, ಸೀಸ, ಕ್ಯಾಡ್ಮಿಯಂ ಎಲ್ಲ. ತಂಬುಳಿಗೆ ಬೇಕಾದದ್ದು ಮನೆಯ ಒಳ್ಳೆಯ ನೀರಿನಲ್ಲೇ ಬೆಳೆಯಲಿ. ಬಜೆಯನ್ನು ತುಮಕೂರು ಜಿಲ್ಲೆಯ ಕೊರಟಗೆರೆ ಕಡೆ ಬೆಳೆಯಾಗಿಯೇ ಬೆಳೆಯುತ್ತಾರೆ. ಆದರೆ ಅದರ ಎಣ್ಣೆಯಲ್ಲಿನ ಒಂದು ಅಂಶದ ಕಾರಣಕ್ಕೆ ಅಮೆರಿಕ 1968ರಲ್ಲಿ ಆಹಾರದಲ್ಲಿ ಅದನ್ನು ನಿಷೇಧಿಸಿತು. ಆದ್ದರಿಂದ ತೋಟಕ್ಕೆ ಬಜೆ ಇರಲಿ; ಕೂಸಿನ ನಾಲಗೆಗೆ ತೇಯುವ ಮೊದಲು ವೈದ್ಯರನ್ನು ಕೇಳಿ.

ತೊಟ್ಟಿ ಎಂದೊಡನೆ ಪಕ್ಕದ ಮನೆಯವರು ಸೊಳ್ಳೆ ಎನ್ನುತ್ತಾರೆ. ಅವರ ಮಾತು ನ್ಯಾಯವೇ. ಇದಕ್ಕೆಂದು ಹಂಚುವ ಗಾಂಬೂಸಿಯಾ, ಗಪ್ಪಿ ಎರಡೂ ಅಮೆರಿಕ ಖಂಡದ ಮೀನು; ತೊಟ್ಟಿಯಿಂದ ಮೋರಿಗೆ, ಮೋರಿಯಿಂದ ಕೆರೆಗೆ ಜಾರಿದರೆ ಕಪ್ಪೆಯ ಮೊಟ್ಟೆ, ಗೊದಮೊಟ್ಟೆ ಬಿಡುವುದಿಲ್ಲ. ನಮ್ಮ ಹಳ್ಳಗಳಲ್ಲಿ ನೀರಿನ ಮೇಲ್ಮೈಗೇ ಅಂಟಿಕೊಂಡಂತೆ ಈಜುವ, ನೆತ್ತಿಯ ಮೇಲೆ ಬೆಳ್ಳಿಯ ಚುಕ್ಕೆ ಹೊತ್ತ ಬೆರಳುದ್ದದ ಮೀನೊಂದಿದೆ. ಮೀನು ಸಾಕುವವರು ಅದನ್ನು ಪಂಚಾಕ್ಸ್ ಅನ್ನುತ್ತಾರೆ. ಒಂದು ತೊಟ್ಟಿಗೆ ನಾಲ್ಕು ಇದ್ದರೆ ಸೊಳ್ಳೆಮರಿ ಉಳಿಯುವುದಿಲ್ಲ.

ಬಚ್ಚಲ ನೀರನ್ನು ಹಿತ್ತಲಿಗೆ ತಿರುಗಿಸುವ ಜಾಗ ಇನ್ನೂ ಇದ್ದವರು ಅದೃಷ್ಟವಂತರು. ಅಡುಗೆಮನೆಯ ಜಿಡ್ಡುನೀರು ಬೇಡ, ಸ್ನಾನದ್ದು ಸಾಕು. ಮೊದಲು ಜಲ್ಲಿ, ನಂತರ ಕೆಸು, ನಂತರ ಬಾಳೆ. ಹೂವಿಗೆ ಆಸೆಪಟ್ಟು ಕಾಬಾಳೆ ನೆಡುತ್ತೀರಾ, ನೆಡಿ. ಅದು ಪರದೇಶದ್ದೇ, ಆದರೆ ನಾಲ್ಕು ಗೋಡೆಯೊಳಗೆ ನಾನು ಅಷ್ಟು ಮಡಿ ಮಾಡುವವನಲ್ಲ. ಕೆರೆಯಂಚಿಗೆ ಅದನ್ನು ಒಯ್ಯುವವರನ್ನು ಕಂಡರೆ ಮಾತ್ರ ಜಗಳ ಕಾಯುತ್ತೇನೆ.

ತರಬಾರದ ಗಿಡಗಳೂ ಇವೆ. ಕರಾವಳಿಯ ಮುರಕಲ್ಲಿನ ಪದವುಗಳ ಮೇಲೆ ಮಳೆಗಾಲದಲ್ಲಿ ಬೊಗಸೆ ನೀರಿನ ಹೊಂಡಗಳಾಗುತ್ತವೆ. ಅಲ್ಲಿ ಕಡಲೆಗಾತ್ರದ ನೀಲಿ ಹೂ ಬಿಡುವ ಯುಟ್ರಿಕ್ಯುಲೇರಿಯಾ ತನ್ನ ಸೂಜಿಮೊನೆಯಷ್ಟು ಚೀಲದಲ್ಲಿ ನೀರಿನ ಹುಳುವನ್ನು ಸೆಕೆಂಡಿನ ಸಾವಿರದ ಒಂದು ಪಾಲಿನೊಳಗೆ ಸೆಳೆದುಕೊಳ್ಳುತ್ತದೆ. ಕುಂಡದಲ್ಲಿ ಅದನ್ನು ಬದುಕಿಸುವುದು ಕಷ್ಟ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಂಪತ್ರೆ ಜಡ್ಡಿಗಳಿವೆ. ಮಂಡಿಯಂತೆ ಮಡಿಚಿದ ಬೇರುಗಳನ್ನು ಕೆಸರಿನಿಂದ ಎತ್ತಿ ಉಸಿರಾಡುವ ಜಾಜಿಕಾಯಿ ಬಳಗದ ಮರಗಳ ಜೌಗುಕಾಡು. ಅಲ್ಲಿ ಸಿಕ್ಕ ಗೇರಿನ ನೆಂಟ ಮರವೊಂದಕ್ಕೆ 2000ದಲ್ಲಿ ವಿಜ್ಞಾನ ಹೆಸರಿಟ್ಟಾಗ ಆ ಕಾನಿನ ಹೆಸರನ್ನೇ ಸೇರಿಸಿತು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಅದನ್ನು ಬೆಳೆಸಿ ಕಾಡಿಗೆ ಮರಳಿಸುವುದು ಅರಣ್ಯಶಾಸ್ತ್ರ ಬಲ್ಲವರ ಕೆಲಸ. ಅಘನಾಶಿನಿಯ ಅಳಿವೆಯಲ್ಲಿ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್, ನೆಡುವುದೂ ಹಾಗೆಯೇ. ಆ ಅಳಿವೆ, ಅಂಕಸಮುದ್ರ, ಮಾಗಡಿ ಕೆರೆ ಮೂರೂ 2024ರ ಆರಂಭದಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದವು. ರಂಗನತಿಟ್ಟು 2022ರಲ್ಲೇ ಸೇರಿತ್ತು. ನಮ್ಮ ನಿಮ್ಮ ಪಾಲಿನ ಕೆಲಸ ಇವುಗಳಲ್ಲಿಲ್ಲ, ಯಾವ ಪಟ್ಟಿಯಲ್ಲೂ ಇಲ್ಲದ ಊರಮುಂದಿನ ಕೆರೆಯಲ್ಲಿದೆ.

ಆ ಕೆರೆಗೆ ಗಿಡ ನೆಡುವ ಮನಸ್ಸಿದ್ದರೆ ಸಸಿಯನ್ನು ದೂರದಿಂದ ಕೊಳ್ಳಬೇಡಿ. ಅದೇ ತಾಲ್ಲೂಕಿನ ಇನ್ನೊಂದು ಕೆರೆಯಿಂದ, ಅದರಲ್ಲೂ ರಸ್ತೆಗೋ ಬಡಾವಣೆಗೋ ಬಲಿಯಾಗಲಿರುವ ಕಡೆಯಿಂದ, ಊರವರನ್ನು ಕೇಳಿ ಒಂದೊಂದು ಹಿಡಿ ತನ್ನಿ. ಬೇರು ತೊಳೆದು, ಗೆಣ್ಣು ಗೆಣ್ಣು ನೋಡಿ ನೆಡಿ. ಕಾಲ, ಬೇಸಗೆಯ ಕೊನೆ. ರೋಹಿಣಿ ಮಳೆ ಬೀಳುವ ಹೊತ್ತಿಗೆ ಗಿಡ ಮಣ್ಣು ಹಿಡಿದಿರಬೇಕು; ಆರಿದ್ರಾ ಮಳೆಗೆ ನೀರು ಏರಿದಾಗ ಅದೂ ನೀರಿನ ಜೊತೆ ಏರುತ್ತದೆ. ತುಂಬಿದ ಕೆರೆಗೆ ನೆಟ್ಟದ್ದು ತೇಲಿ ಕೋಡಿಗೆ ಹೋಗುತ್ತದೆ. ಮತ್ತು ದಯವಿಟ್ಟು, ಅಕ್ವೇರಿಯಂ ಖಾಲಿ ಮಾಡುವಾಗ ಅದರ ಗಿಡವನ್ನೂ ಮೀನನ್ನೂ ಪುಣ್ಯ ಬರಲೆಂದು ಕೆರೆಗೆ ಬಿಡಬೇಡಿ.

ನನ್ನ ತೊಟ್ಟಿಯಲ್ಲಿ ಈಗ ಒಂದು ನೈದಿಲೆ, ಅಂಚಿಗೆ ನೀರುಬ್ರಾಹ್ಮಿ, ದೊಡ್ಡಮ್ಮ ಊರಿನ ಗದ್ದೆಬದುವಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟ ನಿಜವಾದ ಹೊನಗೊನ್ನೆ. ಹೂ ಎಲ್ಲವೂ ಕೂತೇ ಇವೆ. ಅಂದು ನಾನು ತಂದ ಇನ್ನೊಂದರ ಗೆಣ್ಣು ಮೋರಿಯ ಕಲ್ಲುಸಂದಿಯಲ್ಲಿ ಇನ್ನೂ ಇದೆ. ಪ್ರತಿ ಮಳೆಗಾಲ ಚಿಗುರುತ್ತದೆ, ನಾನು ಕಿತ್ತು ತಾರಸಿಯ ಮೇಲೆ ಬಿಸಿಲಿಗೆ ಹರವುತ್ತೇನೆ. ಈ ವರ್ಷವೂ ಎರಡು ಸಲ ಕಿತ್ತೆ.